ಸಿಪಾಯಿಯ ಕಾಗದ ತಿದ್ದುವವರು ಯಾರು?

ಕಲ್ಲುಗುಂಡಿ ಪೇಟೆ ದಾಟಿದ ಬಸ್ಸು ಸ್ವಲ್ಪ ಹೊತ್ತಿನಲ್ಲೇ ಸಂಪಾಜೆ ಘಾಟಿ ಹತ್ತತೊಡಗುತ್ತದೆ. ಘಾಟಿಯ ಮೇಲೆ ಕೊಡಗು. 1949ರ ಜನವರಿ 15ರಂದು ಭಾರತದ ಸೈನ್ಯಕ್ಕೆ ಮೊದಲ ಭಾರತೀಯ ದಂಡನಾಯಕರಾಗಿ ಬಂದ ಕಾರ್ಯಪ್ಪನವರು ಆ ನೆಲದವರು. ಜನರಲ್ ತಿಮ್ಮಯ್ಯನವರೂ ಅಲ್ಲಿಯವರೇ. ಅವರ ಹೆಸರು ಹೇಳಿ ನಾವು ಹೆಮ್ಮೆಪಡುತ್ತೇವೆ; ಪಡಬೇಕಾದದ್ದೇ. ಆದರೆ ಸೈನ್ಯವೆಂದರೆ ಸೇನಾಪತಿಗಳು ಮಾತ್ರವಲ್ಲ. ಘಾಟಿಯ ಕೆಳಗಿನ ಸುಳ್ಯ, ಕಡಬ, ಪುತ್ತೂರು ಸೀಮೆಯಿಂದಲೂ ಹುಡುಗರು ಮಿಲಿಟರಿಗೆ ಸೇರುತ್ತಾರೆ. ಹಳದಿ ರೋಗ ಬಂದು ಅಡಿಕೆ ತೋಟ ಬೋಳಾದ ಮನೆಯ ಹುಡುಗ, ರಬ್ಬರು ಹಾಲು ಇಳಿಸುವವನ ಮಗ, ಪೇಟೆಯಲ್ಲಿ ಸಣ್ಣ ಜಿನಸಿ ಅಂಗಡಿ ಇಟ್ಟವನ ತಮ್ಮ, ಇವರು ಹೋಗುವುದು ಸಿಪಾಯಿಗಳಾಗಿ. ಅವರು ಮೆಡಲು ಹೊತ್ತು ಬಂದರೆ ಊರು ಹಾರ ಹಾಕುತ್ತದೆ. ಪೆಟ್ಟಿಗೆಯಲ್ಲಿ ಬಂದರೆ ಮಂತ್ರಿಗಳು ಬರುತ್ತಾರೆ. ಮನಸ್ಸು ಕೆಟ್ಟು ಬಂದರೆ ಯಾರೂ ಬರುವುದಿಲ್ಲ.

ಈ ಮೂರನೆಯ ಬಗೆಯಲ್ಲಿ ಬಂದವರ ವಿಷಯ ಇಂದು ಬರೆಯಬೇಕಾಗಿದೆ.

ಕೆಲವು ದಿನಗಳ ಕೆಳಗೆ ಕಲ್ಲುಗುಂಡಿ ಕಡೆಯ ಒಬ್ಬ ತಾಯಿ ನಮ್ಮ ಕಚೇರಿಗೆ ಬಂದಿದ್ದರು. ಅವರ ಹೆಸರನ್ನಾಗಲಿ, ಮಗನ ಪಟಾಲಮಿನ ಹೆಸರನ್ನಾಗಲಿ ನಾವು ಇಲ್ಲಿ ಹೇಳುವುದಿಲ್ಲ. ಮಗ ಭರ್ತಿಯಾದಾಗ ಹತ್ತೊಂಬತ್ತು ವರ್ಷದವನು. ಓಟದಲ್ಲಿ ಮುಂದು, ಕಣ್ಣು ಕಿವಿ ಚೊಕ್ಕ. ಎರಡು ಸಲ ವೈದ್ಯರು ತಟ್ಟಿ ಕುಟ್ಟಿ ನೋಡಿ ‘ಯೋಗ್ಯ’ ಎಂದು ಬರೆದುಕೊಂಡರು. ಏಳನೆಯ ವರ್ಷದಲ್ಲಿ ಅವನನ್ನು ಇಬ್ಬರು ಸಿಪಾಯಿಗಳು ಮನೆಯ ತನಕ ತಂದು ಬಿಟ್ಟು ಹೋದರು. ನಿದ್ದೆಯಿಲ್ಲ, ಮಾತಿಲ್ಲ, ರಾತ್ರಿ ಎದ್ದು ಅಂಗಳದಲ್ಲಿ ಕಾವಲು ನಿಲ್ಲುತ್ತಾನೆ. ಕೈಯಲ್ಲಿ ಒಂದು ಡಿಸ್ಚಾರ್ಜ್ ಪುಸ್ತಕ. ಇಂಗ್ಲಿಷಿನಲ್ಲಿ ಬರೆದ ಅದನ್ನು ಕಾಲೇಜಿಗೆ ಹೋಗುವ ನೆರೆಮನೆಯ ಹುಡುಗಿಯ ಹತ್ತಿರ ಓದಿಸಿದರು. ಮುಂದಿನ ಸೇವೆಗೆ ಅನರ್ಹ ಎಂದು ಒಂದು ಸಾಲು. ಜತೆಗಿದ್ದ ವೈದ್ಯಕೀಯ ಮಂಡಳಿಯ ಕಾಗದದಲ್ಲಿ, ರೋಗವು ಸೇವೆಯಿಂದ ಉಂಟಾದುದಲ್ಲ, ಸೇವೆಯಿಂದ ಉಲ್ಬಣಿಸಿದುದೂ ಅಲ್ಲ ಎಂದು ಇನ್ನೊಂದು ಸಾಲು.

ಆ ತಾಯಿ ಹಣ ಕೇಳಲಿಲ್ಲ. ಅವರು ಕೇಳಿದ್ದು ಇಷ್ಟು: “ಮಾಷ್ಟ್ರೇ, ನನ್ನ ಮಗ ಹುಚ್ಚನಾಗಿ ಅಲ್ಲಿಗೆ ಹೋದದ್ದಲ್ಲ. ಅಲ್ಲಿ ಹೋಗಿ ಹಾಗೆ ಆದದ್ದು. ಇಷ್ಟನ್ನು ಆ ಪುಸ್ತಕದಲ್ಲಿ ಬರೆಸಿ ಕೊಡ್ಲಿಕ್ಕೆ ಆಗ್ತದಾ?”

ಇಷ್ಟು ಸಣ್ಣ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ದೆಹಲಿಯ ತನಕ ಹೋಗಬೇಕಾಗುತ್ತದೆ.

ಒಂದು ಸಾಲಿನಲ್ಲಿ ಏನಿದೆ ಎಂದು ಕೆಲವರು ಕೇಳಬಹುದು. ಎಲ್ಲವೂ ಅದರಲ್ಲೇ ಇದೆ. ರೋಗವು ಸೇವೆಯಿಂದ ಉಂಟಾಯಿತು, ಇಲ್ಲವೆ ಸೇವೆಯಿಂದ ಹೆಚ್ಚಾಯಿತು ಎಂದು ದಾಖಲೆಯಲ್ಲಿದ್ದರೆ ಅವನಿಗೆ ಅಂಗವಿಕಲತೆಯ ಪಿಂಚಣಿ. ಇಲ್ಲ ಎಂದಿದ್ದರೆ ಅದಿಲ್ಲ. ಹತ್ತು ವರ್ಷ ಸೇವೆ ಪೂರೈಸದವನಿಗೆ ಬಹುಕಾಲ ಬೇರೆ ಪಿಂಚಣಿಯೂ ಇರಲಿಲ್ಲ. ಒಂದಿಷ್ಟು ಗಂಟು ಹಣ ಕೊಟ್ಟು ಕಳಿಸುತ್ತಿದ್ದರು. 2020ರ ಜುಲೈಯಲ್ಲಿ ರಕ್ಷಣಾ ಇಲಾಖೆ ಒಂದು ಆಜ್ಞೆ ಹೊರಡಿಸಿ, ಹತ್ತು ವರ್ಷಕ್ಕಿಂತ ಕಡಿಮೆ ಸೇವೆಯವರಿಗೂ ಅಶಕ್ತ ಪಿಂಚಣಿ ಕೊಡಲು ಒಪ್ಪಿತು. ಆದರೆ ಅದು 2019ರ ಜನವರಿ 4ರಂದು ಅಥವಾ ಆ ಮೇಲೆ ಸೇವೆಯಲ್ಲಿದ್ದವರಿಗೆ ಮಾತ್ರ. ಅದಕ್ಕೂ ಒಂದು ಷರತ್ತು: ಅವನು ಸೈನ್ಯದ ಕೆಲಸಕ್ಕೆ ಮಾತ್ರವಲ್ಲ, ಹೊರಗಿನ ಕೆಲಸಕ್ಕೂ ಶಾಶ್ವತವಾಗಿ ಅಶಕ್ತನಾಗಿರಬೇಕು. ಗುಣವಾಗಿ ಒಂದು ಗಿರಣಿಯ ಬಾಗಿಲು ಕಾಯುವ ಶಕ್ತಿ ಬಂದರೆ ಅದೂ ತಪ್ಪು!

ಪಿಂಚಣಿಯಿಲ್ಲವೆಂದರೆ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಔಷಧವೂ ಇಲ್ಲ. ಮರು ಉದ್ಯೋಗದ ನಿಯಮಗಳ ಪ್ರಕಾರ, ವೈದ್ಯಕೀಯ ಕಾರಣದಿಂದ ಹೊರಬಂದವನು ‘ಮಾಜಿ ಸೈನಿಕ’ ಎನಿಸಿಕೊಳ್ಳಬೇಕಾದರೆ ಅವನಿಗೆ ವೈದ್ಯಕೀಯ ಅಥವಾ ಅಂಗವಿಕಲತೆಯ ಪಿಂಚಣಿ ಮಂಜೂರಾಗಿರಬೇಕು. ಏಳು ವರ್ಷ ಹಿಮದಲ್ಲೂ ಮರಳಿನಲ್ಲೂ ನಿಂತವನು, ಒಂದು ಸಾಲಿನ ದೆಸೆಯಿಂದ ಮಾಜಿ ಸೈನಿಕನೂ ಅಲ್ಲ! ಮೀಸಲಾತಿಯ ಕೆಲಸಕ್ಕೆ ಅರ್ಜಿ ಹಾಕುವಂತಿಲ್ಲ. ಕಾವಲುಗಾರನ ಕೆಲಸಕ್ಕೆ ಹೋದರೆ ಧಣಿಗಳು ಪುಸ್ತಕ ನೋಡಿ ವಾಪಸು ಕೊಡುತ್ತಾರೆ. ತಂಗಿಯ ಮದುವೆಯ ಮಾತು ಬಂದಾಗ ಗಂಡಿನ ಕಡೆಯವರು ಆ ಪುಸ್ತಕದ ವಿಷಯವನ್ನೇ ಕೇಳುತ್ತಾರೆ. ಸರಕಾರದ ಮುದ್ರೆ ಬಿದ್ದ ಕಾಗದ ಮನುಷ್ಯನ ಹಣೆಯ ಮೇಲೆ ಬರೆದಂತೆಯೇ ಸರಿ.

ಇನ್ನು ಕೆಲವರ ಅವಸ್ಥೆ ಇದಕ್ಕಿಂತಲೂ ಕಷ್ಟ. ಮನಸ್ಸು ಕೆಡುತ್ತಿರುವ ಸಿಪಾಯಿ ಹಾಜರಿಗೆ ತಡವಾಗಿ ಬರುತ್ತಾನೆ, ಮೇಲಿನವರಿಗೆ ಎದುರು ಹೇಳುತ್ತಾನೆ, ಕುಡಿಯುತ್ತಾನೆ, ರಜೆ ಮುಗಿದರೂ ಹಿಂದಿರುಗುವುದಿಲ್ಲ. ಅದನ್ನು ರೋಗವೆಂದು ನೋಡುವ ಕಣ್ಣು ಇಲ್ಲದೆ ಹೋದರೆ ಅದೆಲ್ಲ ಅಪರಾಧವಾಗಿ ಕೆಂಪು ಶಾಯಿಯಲ್ಲಿ ದಾಖಲಾಗುತ್ತದೆ. ನಾಲ್ಕು ಕೆಂಪು ದಾಖಲೆಗಳಾದರೆ ಸೇವೆಯಿಂದ ತೆಗೆದುಬಿಡುವ ಅಭ್ಯಾಸ ನಡೆದು ಬಂದಿತ್ತು. 2015ರಲ್ಲಿ ವೀರೇಂದ್ರ ಕುಮಾರ್ ದುಬೆ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ, ನಾಲ್ಕು ದಾಖಲೆಗಳಿವೆ ಎಂಬ ಒಂದೇ ಕಾರಣದಿಂದ ಯಾರನ್ನೂ ತೆಗೆಯಕೂಡದು, ವಿಚಾರಣೆ ನಡೆಯಬೇಕು ಎಂದು ಹೇಳಿತು. ಅದಕ್ಕೆ ಮುಂಚೆ ಹಾಗೆ ಹೊರಬಿದ್ದವರಲ್ಲಿ ಎಷ್ಟು ಮಂದಿ ರೋಗಿಗಳಿದ್ದರೋ ಆ ಲೆಕ್ಕ ಇಟ್ಟವರಿಲ್ಲ.

ಈಗ ಕಾಯಿದೆ ಏನು ಹೇಳುತ್ತದೆ ಎಂಬುದನ್ನು ನೋಡೋಣ. ಸೈನಿಕನ ಆರೋಗ್ಯವನ್ನು ಐದು ಇಂಗ್ಲಿಷ್ ಅಕ್ಷರಗಳಲ್ಲಿ ಅಳೆಯುತ್ತಾರೆ. ಕೂಡಿಸಿದರೆ ‘ಶೇಪ್’ ಎಂದಾಗುತ್ತದೆ. ಮೊದಲನೆಯ ಅಕ್ಷರವೇ ಮನಸ್ಸಿನದು. ಉಳಿದವು ಕಿವಿ, ಕೈಕಾಲು, ದೇಹ, ಕಣ್ಣು. ಒಂದು ಎಂದರೆ ಪೂರ್ಣ ಸ್ವಸ್ಥ, ಐದು ಎಂದರೆ ಅನರ್ಹ. ಭರ್ತಿಯಾಗುವಾಗ ಮನಸ್ಸಿಗೂ ಒಂದು ಅಂಕ ಕೊಟ್ಟೇ ಒಳಗೆ ಬಿಟ್ಟಿದ್ದಾರೆ ಎಂಬುದನ್ನು ಮರೆಯಬಾರದು. 1982ರ ಅರ್ಹತಾ ನಿಯಮಗಳ ಆಧಾರ ಇದೇ: ಸೇರುವಾಗ ದಾಖಲೆಯಲ್ಲಿ ರೋಗವೇನೂ ಬರೆದಿಲ್ಲವಾದರೆ ಅವನು ದೇಹದಲ್ಲೂ ಮನಸ್ಸಿನಲ್ಲೂ ಸ್ವಸ್ಥನಾಗಿದ್ದನೆಂದೇ ತಿಳಿಯಬೇಕು, ಆಮೇಲೆ ರೋಗದಿಂದ ಹೊರಬಿದ್ದರೆ ಅದು ಸೇವೆಯಿಂದ ಬಂದುದೆಂದು ತಿಳಿಯಬೇಕು, ಅಲ್ಲವೆಂದು ತೋರಿಸುವ ಭಾರ ಸೈನಿಕನ ಮೇಲಿಲ್ಲ, ಸಂಶಯವಿದ್ದರೆ ಅದರ ಲಾಭ ಸೈನಿಕನಿಗೆ.

ಇಷ್ಟು ಒಳ್ಳೆಯ ನಿಯಮ ಪುಸ್ತಕದಲ್ಲಿದ್ದರೂ ಮಂಡಳಿಗಳು ವರ್ಷಾನುಗಟ್ಟಲೆ ಒಂದು ಸಾಲಿನಲ್ಲಿ ಅದನ್ನು ಮುರಿದವು. ‘ಹುಟ್ಟುಗುಣದ ರೋಗ’ ಎಂದು ಬರೆದರೆ ಮುಗಿಯಿತು. ಯಾಕೆ, ಹೇಗೆ ಎಂಬ ಕಾರಣವಿಲ್ಲ. ರೋಗ ಶುರುವಾದದ್ದು ಯುದ್ಧಭೂಮಿಯಲ್ಲಲ್ಲ, ಶಾಂತಿಯ ಠಾಣೆಯಲ್ಲಿ. ಆದ್ದರಿಂದ ಸೇವೆಗೂ ಅದಕ್ಕೂ ಸಂಬಂಧವಿಲ್ಲ ಎಂಬುದು ಇನ್ನೊಂದು ವಾದ. ಗಡಿಯಲ್ಲಿ ನುಂಗಿಕೊಂಡದ್ದು ಠಾಣೆಗೆ ಬಂದ ಮೇಲೆ ಹೊರಬೀಳಬಾರದೆಂದು ಯಾವ ವೈದ್ಯಶಾಸ್ತ್ರದಲ್ಲಿ ಬರೆದಿದೆ? ನಮ್ಮ ಸಂಪಾಜೆಯ ಅಡಿಕೆ ಬೆಳೆಗಾರರನ್ನು ಕೇಳಿ. ಮರದ ಸೋಗೆ ಹಳದಿಯಾಗಿ ಕಂಡ ದಿನವೇ ರೋಗ ಬಂದುದಲ್ಲ ಎಂದು ಅವರು ಹೇಳುತ್ತಾರೆ. ಒಂದೇ ಬೀಜದ ಸಸಿ ಇನ್ನೊಂದು ಸೀಮೆಯಲ್ಲಿ ಹಸುರಾಗಿ ನಿಂತಿರುವಾಗ, ಇಲ್ಲಿ ಒಣಗಿದರೆ ‘ಇದು ಬೀಜದ ದೋಷ’ ಎಂದು ಕೈ ತೊಳೆದುಕೊಳ್ಳುವ ಅಧಿಕಾರಿಯನ್ನು ಅವರು ಸುಮ್ಮನೆ ಬಿಡುವುದಿಲ್ಲ.

ನ್ಯಾಯಾಲಯಗಳು ಇದನ್ನು ಗಮನಿಸಿವೆ. ಸಿಗ್ನಲ್ಸ್ ದಳದ ಧರಮವೀರ್ ಸಿಂಗ್ ಎಂಬ ಸಿಪಾಯಿ ಸುಮಾರು ಒಂಬತ್ತು ವರ್ಷ ಸೇವೆ ಮಾಡಿ 1994ರಲ್ಲಿ ಅಪಸ್ಮಾರದ ಕಾರಣದಿಂದ ಹೊರಬಿದ್ದರು. ರೋಗ ಸೇವೆಯದಲ್ಲ ಎಂದು ಮಂಡಳಿ ಬರೆದಿತ್ತು. 2013ರ ಜುಲೈ 2ರಂದು ಸರ್ವೋಚ್ಚ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು. ಸೇರುವಾಗ ರೋಗ ಪತ್ತೆಯಾಗಿರಲಿಲ್ಲವೇಕೆ ಎಂಬುದಕ್ಕೆ ಮಂಡಳಿ ಕಾರಣ ಕೊಡಬೇಕು. ಕಾರಣವಿಲ್ಲದ ಅಭಿಪ್ರಾಯ ನಿಲ್ಲುವುದಿಲ್ಲ ಎಂಬುದು ಅದರ ತಿರುಳು. ಅದೇ ವರ್ಷ ವೀರ್ ಪಾಲ್ ಸಿಂಗ್ ಮೊಕದ್ದಮೆ ತೀರ್ಮಾನವಾಯಿತು. 1972ರಲ್ಲಿ ಸೇರಿ 1977ರಲ್ಲಿ ಸ್ಕಿಜೋಫ್ರೇನಿಯಾ ಬಗೆಯ ರೋಗವೆಂದು ಹೊರಹಾಕಲ್ಪಟ್ಟವರು ಅವರು. ವೈದ್ಯರ ವರದಿಯಲ್ಲಿ ಸಾಕಷ್ಟು ಆಧಾರವಿಲ್ಲವೆಂದು ಕಂಡು, ಬಿಡುಗಡೆಯ ದಿನ ಅವರಿಗೆ ಅಂಥ ರೋಗವಿತ್ತೇ ಎಂಬುದನ್ನೇ ಮರುಪರಿಶೀಲನಾ ಮಂಡಳಿ ನೋಡಬೇಕೆಂದು ನ್ಯಾಯಾಲಯ ಆಜ್ಞಾಪಿಸಿತು. ಮೂವತ್ತಾರು ವರ್ಷದ ಹಿಂದಿನ ಕಾಗದವನ್ನೂ ತಿರುಗಿ ತೆರೆಯಬಹುದು ಎಂಬುದಕ್ಕೆ ಇದು ಸಾಕ್ಷಿ. 2025ರ ಮೇ ತಿಂಗಳಲ್ಲಿ ರಾಜುಮೋನ್ ಮೊಕದ್ದಮೆಯಲ್ಲಿಯೂ, ಸ್ಕಿಜೋಫ್ರೇನಿಯಾ ಎಂದು ಹೊರಕಳಿಸಿದ ಸೈನಿಕನ ವಿಷಯದಲ್ಲಿ, ಕಾರಣ ಕೊಡದ ಮಂಡಳಿಯ ಮಾತನ್ನು ಅದೇ ನ್ಯಾಯಾಲಯ ಒಪ್ಪಲಿಲ್ಲ.

ಆದರೆ ನಾವು ನಮ್ಮ ವಾಚಕರಿಗೆ ಸಿಹಿಯನ್ನು ಮಾತ್ರ ಬಡಿಸಿ ಕಳಿಸುವವರಲ್ಲ. ತೀರ್ಪುಗಳೆಲ್ಲ ಒಂದೇ ದಿಕ್ಕಿಗೆ ಹರಿದಿಲ್ಲ. 2019ರ ನರಸಿಂಗ್ ಯಾದವ್ ಮೊಕದ್ದಮೆಯಲ್ಲಿ, ಮನಸ್ಸಿನ ರೋಗ ಭರ್ತಿಯ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು, ಮಂಡಳಿಯ ಅಭಿಪ್ರಾಯಕ್ಕೆ ಬೆಲೆ ಕೊಡಬೇಕು ಎಂದು ಹೇಳಿ ಸರ್ವೋಚ್ಚ ನ್ಯಾಯಾಲಯ ಪಿಂಚಣಿ ನಿರಾಕರಿಸಿತು. ನಿಯಮಗಳೂ 2008ರಲ್ಲೊಮ್ಮೆ, 2023ರಲ್ಲೊಮ್ಮೆ ಬದಲಾಗಿವೆ. 2023ರವನ್ನು ಮಾಜಿ ಸೈನಿಕರು ಬಲವಾಗಿ ಆಕ್ಷೇಪಿಸಿದ್ದಾರೆ. ಆದ್ದರಿಂದ ಬಿಡುಗಡೆಯ ದಿನಾಂಕ ಯಾವುದು, ಮಂಡಳಿ ಕಾರಣ ಬರೆದಿದೆಯೇ, ಆ ಹುಡುಗ ಎಲ್ಲೆಲ್ಲಿ ಕೆಲಸ ಮಾಡಿದ, ರೋಗದ ಮೊದಲ ಲಕ್ಷಣ ಎಲ್ಲಿ ಕಂಡಿತು, ಇವೆಲ್ಲ ಮುಖ್ಯ. ಗೆಲುವು ಕೈಯಲ್ಲಿದೆ ಎಂದು ಹೇಳಿ ಬಡವರಿಂದ ಹಣ ಕೀಳುವ ದಲ್ಲಾಳಿಗಳ ಮಾತಿಗೆ ಯಾರೂ ಮರುಳಾಗಬಾರದು.

ಗಿರಣಿಯಲ್ಲಿ, ಹೆಂಚಿನ ಕಾರ್ಖಾನೆಯಲ್ಲಿ, ಗೇರುಬೀಜದ ಕೊಟ್ಟಿಗೆಯಲ್ಲಿ ದುಡಿಯುವ ನಮ್ಮ ಸಂಗಾತಿಗಳಿಗೆ ಈ ಪ್ರಶ್ನೆ ಹೊಸದಲ್ಲ. ಕೆಲಸ ಮಾಡುತ್ತ ಬಂದ ಕೆಮ್ಮನ್ನು ‘ನಿನ್ನ ತಂದೆಗೂ ಇತ್ತು’ ಎಂದು ಹೇಳಿದ ಮಾಲೀಕರನ್ನು ಅವರು ಕಂಡಿದ್ದಾರೆ. ಹತ್ತಿಯ ಧೂಳಿನ ರೋಗ ಹತ್ತಿಯ ಧೂಳಿನಿಂದಲೇ ಬಂದುದೆಂದು ಒಪ್ಪಿಸಲು ಕಾರ್ಮಿಕ ಚಳವಳಿ ಎಷ್ಟು ವರ್ಷ ಹೋರಾಡಬೇಕಾಯಿತು! 1923ರ ಕಾರ್ಮಿಕ ಪರಿಹಾರ ಕಾಯಿದೆ ಕೆಲವು ರೋಗಗಳನ್ನು ಕಸುಬಿನ ರೋಗಗಳೆಂದು ಪಟ್ಟಿ ಮಾಡಿ ಕೆಲಸಗಾರನ ಹೊರೆಯನ್ನು ಸ್ವಲ್ಪ ಇಳಿಸಿತು. ಆದರೆ ಆ ಕಾಯಿದೆ ‘ಕೆಲಸಗಾರ’ ಎಂಬ ಮಾತಿನ ಅರ್ಥದಿಂದ ಸೈನ್ಯದವರನ್ನು ಹೊರಗಿಟ್ಟಿತ್ತು. ಸಿಪಾಯಿಗೆ ಸಂಘವಿಲ್ಲ, ಮುಷ್ಕರವಿಲ್ಲ, ಪತ್ರಿಕೆಗೆ ಬರೆಯುವ ಹಾಗಿಲ್ಲ. ಅಂಥವನು ಹೊರಬಿದ್ದ ಮೇಲಾದರೂ ಅವನ ಪರವಾಗಿ ಮಾತಾಡುವುದು ಸಂಘ ಇರುವವರ ಹೊಣೆಯಲ್ಲವೇ?

ಬೇರೆ ದೇಶಗಳೂ ಈ ತಪ್ಪು ಮಾಡಿವೆ. ಕೆಲವು ಅದನ್ನು ತಿದ್ದಿಕೊಂಡಿವೆ. ಮೊದಲನೆಯ ಮಹಾಯುದ್ಧದಲ್ಲಿ ಗುಂಡಿನ ಸದ್ದಿಗೆ ಮನಸ್ಸು ಮುರಿದವರನ್ನು ಬ್ರಿಟಿಷ್ ಸೈನ್ಯ ಹೇಡಿಗಳೆಂದಿತು. ಹೇಡಿತನ, ಪಲಾಯನ ಮೊದಲಾದ ಅಪರಾಧಗಳಿಗಾಗಿ ಗುಂಡಿಟ್ಟು ಕೊಂದ 306 ಮಂದಿ ಸೈನಿಕರಿಗೆ ಆ ದೇಶ 2006ರಲ್ಲಿ ಕಾಯಿದೆ ಮಾಡಿ ಕ್ಷಮೆ ನೀಡಿತು. ಸತ್ತವರಿಗೆ ಅದರಿಂದ ಏನೂ ಬರಲಿಲ್ಲ. ಅವರ ಮಕ್ಕಳು ಮೊಮ್ಮಕ್ಕಳು ತಲೆಯೆತ್ತಿ ನಡೆದರು. ಅಮೇರಿಕದಲ್ಲಿ ಎರಡನೆಯ ಮಹಾಯುದ್ಧ ಮುಗಿದೊಡನೆ, 1946ರಲ್ಲಿ, ಸೇನಾ ದಾಖಲೆಗಳ ತಪ್ಪು ತಿದ್ದುವುದಕ್ಕೆ ಮಂಡಳಿಗಳನ್ನು ನೇಮಿಸುವ ಕಾಯಿದೆ ಬಂತು. ಯುದ್ಧದ ಆಘಾತದಿಂದ ಮನಸ್ಸು ಕೆಟ್ಟು, ಅದರಿಂದ ತಪ್ಪು ನಡೆದು, ಕೆಟ್ಟ ದಾಖಲೆಯೊಂದಿಗೆ ಹೊರಬಿದ್ದವರ ಅರ್ಜಿಗಳನ್ನು ಉದಾರವಾಗಿ ನೋಡಬೇಕೆಂದು 2014ರಲ್ಲಿ ಅಲ್ಲಿನ ರಕ್ಷಣಾ ಮಂತ್ರಿ ಈ ಮಂಡಳಿಗಳಿಗೆ ಆದೇಶ ಕಳಿಸಿದರು. 2017ರಲ್ಲಿ ಅದನ್ನು ಇನ್ನಷ್ಟು ವಿಸ್ತರಿಸಿದರು. ಬಂಡವಾಳಶಾಹಿಯ ಆ ದೇಶವನ್ನು ಹೊಗಳುವ ಚಾಳಿ ನಮಗಿಲ್ಲ. ಆದರೆ ಕಾಗದ ತಪ್ಪಾಗಬಹುದು ಎಂದು ಒಪ್ಪಿಕೊಂಡು ತಿದ್ದುವುದಕ್ಕೊಂದು ಮೇಜು ಇಟ್ಟದ್ದು ಒಳ್ಳೆಯ ಕೆಲಸ. ನಮ್ಮ ದೇಶದಲ್ಲಿ ಈ ಕೆಲಸಕ್ಕೆಂದೇ ಇರುವ ಅಂಥ ಮೇಜಿಲ್ಲ. ಇರುವುದು ಮೇಲ್ಮನವಿ, ಅದು ಬಿದ್ದರೆ ಮೊಕದ್ದಮೆ.

ಹಾಗಾದರೆ ಆ ತಾಯಿ ಮಾಡಬೇಕಾದುದೇನು? ನಮಗೆ ತಿಳಿದಷ್ಟನ್ನು ಸಾಲಾಗಿ ಹೇಳುತ್ತೇವೆ.

ಮೊದಲು ಕಾಗದ. 2022ರ ಆಗಸ್ಟ್ ತಿಂಗಳಲ್ಲಿ ಪಯಸ್ವಿನಿ ಉಕ್ಕಿ ಕಲ್ಲುಗುಂಡಿ ಪೇಟೆಗೆ ನೀರು ನುಗ್ಗಿದ್ದನ್ನು ಕಂಡ ಅಂಗಡಿಯವರಿಗೆ, ಲೆಕ್ಕದ ಪುಸ್ತಕ ಒದ್ದೆಯಾದರೆ ಇದ್ದ ಬಾಕಿಯೂ ಇಲ್ಲವಾಗುತ್ತದೆ ಎಂಬುದನ್ನು ನಾವು ಹೇಳಿಕೊಡಬೇಕಾಗಿಲ್ಲ. ಸೈನ್ಯದಲ್ಲಿ ನೀರು ನುಗ್ಗಬೇಕಾಗಿಯೂ ಇಲ್ಲ. ಪಿಂಚಣಿಯಿಲ್ಲದೆ ಹೋದವರ ದಾಖಲೆಗಳನ್ನು 25 ವರ್ಷಗಳ ನಂತರ ನಾಶ ಮಾಡಲು ಸೇನೆಯ ನಿಬಂಧನೆಯಲ್ಲೇ ಅವಕಾಶವಿದೆ. ಯಾರಿಗೆ ಅನ್ಯಾಯವಾಗಿದೆಯೋ ಅವರ ಕಾಗದವೇ ಮೊದಲು ಬೆಂಕಿಗೆ! ಆದ್ದರಿಂದ ಇಂದೇ ಕೇಳಿ. ಅವರವರ ದಳದ ದಾಖಲೆ ಕಚೇರಿಗೆ ಬರೆಯಬೇಕು. 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಕೊಟ್ಟರೆ ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು. ಭರ್ತಿಯ ವೈದ್ಯಕೀಯ ಪತ್ರ, ಆಸ್ಪತ್ರೆಯ ಕಾಗದಗಳು, ಬಿಡುಗಡೆಯ ಮಂಡಳಿಯ ಪೂರ್ತಿ ನಡವಳಿ, ಎಲ್ಲೆಲ್ಲಿ ನೇಮಕವಾಗಿತ್ತೆಂಬ ಪಟ್ಟಿ, ಈ ನಾಲ್ಕೂ ಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯೂ ರೋಗಿಗೆ ತನ್ನ ವೈದ್ಯಕೀಯ ದಾಖಲೆ ಪಡೆಯುವ ಹಕ್ಕು ಕೊಟ್ಟಿದೆ.

ಎರಡನೆಯದು ಮನವಿ. ಪಿಂಚಣಿ ನಿರಾಕರಿಸಿದ ಪತ್ರ ಕೈಗೆ ಬಂದ ಆರು ತಿಂಗಳೊಳಗೆ ಮೊದಲ ಮೇಲ್ಮನವಿ. ಅದು ತಿರಸ್ಕೃತವಾದರೆ ಎರಡನೆಯದು. ಮಂಡಳಿ ಕಾರಣ ಬರೆಯದಿದ್ದರೆ ಅದನ್ನು ಎತ್ತಿ ತೋರಿಸಿ ಮರುಪರಿಶೀಲನಾ ಮಂಡಳಿಯನ್ನು ಕೇಳಬೇಕು.

ಮೂರನೆಯದು ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2007ರ ಕಾಯಿದೆಯಿಂದ ಹುಟ್ಟಿ 2009ರಿಂದ ಕೆಲಸ ಮಾಡುತ್ತಿದೆ. ನಿವೃತ್ತರಷ್ಟೇ ಅಲ್ಲ, ಅವರನ್ನು ನಂಬಿದವರು, ವಾರಸುದಾರರು ಕೂಡ ಅಲ್ಲಿಗೆ ಹೋಗಬಹುದು. ಮಗನಿಗೆ ಮಾತು ಬಾರದಿದ್ದರೆ ತಾಯಿ ಮಾತಾಡಬಹುದು ಎಂದು ಇದರ ಅರ್ಥ. ತಡವಾಯಿತೆಂದು ಹೆದರಬೇಕಾಗಿಲ್ಲ. 1983ರಲ್ಲಿ ಹೊರಬಿದ್ದ ತರಸೇಮ್ ಸಿಂಗ್ 1999ರಲ್ಲಿ ನ್ಯಾಯಾಲಯಕ್ಕೆ ಹೋದರು. ಪಿಂಚಣಿ ತಿಂಗಳು ತಿಂಗಳೂ ನಿಲ್ಲುತ್ತಿರುವ ಹಕ್ಕು, ಆದ್ದರಿಂದ ಬಾಗಿಲು ಮುಚ್ಚುವುದಿಲ್ಲ ಎಂದು 2008ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಆದರೆ ಹಿಂದಿನ ಬಾಕಿ ಮೊಕದ್ದಮೆ ಹಾಕುವುದಕ್ಕೆ ಮುಂಚಿನ ಮೂರು ವರ್ಷದ್ದು ಮಾತ್ರ. ತಡಮಾಡಿದ ಒಂದೊಂದು ವರ್ಷವೂ ಒಂದೊಂದು ವರ್ಷದ ಅನ್ನವನ್ನು ಕಳೆಯುತ್ತದೆ. ಸಾಲದ ಪತ್ರ ಇಟ್ಟುಕೊಂಡ ವ್ಯಾಪಾರಿಗಳು ಈ ಲೆಕ್ಕವನ್ನು ಬೇಗ ತಿಳಿದುಕೊಳ್ಳುತ್ತಾರೆ.

ವಕೀಲರ ಹಣಕ್ಕೇನು ದಾರಿ? 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಹೆಂಗಸರಿಗೂ ಅಂಗವಿಕಲರಿಗೂ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗಬೇಕು. 2025ರ ಜುಲೈಯಲ್ಲಿ ರಾಷ್ಟ್ರೀಯ ಪ್ರಾಧಿಕಾರವು ಸೈನಿಕರ ಮನೆಯವರಿಗಾಗಿಯೇ ‘ವೀರ ಪರಿವಾರ ಸಹಾಯತಾ ಯೋಜನೆ’ ಎಂಬುದನ್ನು ಆರಂಭಿಸಿದೆ. ಸುಳ್ಯದ ಕೋರ್ಟಿನಲ್ಲೂ, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲೂ ಇದನ್ನು ಹೆಸರು ಹೇಳಿ ಕೇಳಬೇಕು. ಕೇಳದವರಿಗೆ ಸರಕಾರ ಏನನ್ನೂ ಹೇಳುವುದಿಲ್ಲ.

ಇನ್ನು ಸರಕಾರದೊಡನೆ ನಮ್ಮ ಮಾತು. ಒಬ್ಬೊಬ್ಬ ತಾಯಿಯೂ ಒಂದೊಂದು ಮೊಕದ್ದಮೆ ಹೂಡಿ ಗೆಲ್ಲಬೇಕೆನ್ನುವುದು ನ್ಯಾಯವಲ್ಲ, ನ್ಯಾಯದ ಅಣಕ. ಒಬ್ಬ ಸೈನಿಕನ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿದ ಮೇಲೂ, ಅದೇ ಸ್ಥಿತಿಯ ಇನ್ನೊಬ್ಬನ ಎದುರು ಸರಕಾರವೇ ಅಪೀಲು ಹಾಕುತ್ತ ಬಂದಿದೆ. ಈ ವ್ಯಾಜ್ಯಗಳನ್ನು ಕಡಿಮೆ ಮಾಡುವ ಬಗೆ ಹೇಳಲು ರಕ್ಷಣಾ ಮಂತ್ರಿಗಳು ನೇಮಿಸಿದ ತಜ್ಞರ ಸಮಿತಿ 2015ರಲ್ಲಿಯೇ ವರದಿ ಒಪ್ಪಿಸಿದೆ. ವರದಿ ಕಪಾಟಿಗೆ ಹೋದರೆ ಸಿಪಾಯಿಯ ಮನೆಯ ಒಲೆ ಉರಿಯುವುದಿಲ್ಲ.

ನಾವು ಕೇಳುವುದು ಇವು: ಒಂದು, ಮನಸ್ಸಿನ ರೋಗದಿಂದ ಹೊರಬಿದ್ದು ಪಿಂಚಣಿ ಸಿಗದವರ ಕಾಗದಗಳನ್ನು, ಅವರು ಅರ್ಜಿ ಹಾಕಲಿ ಬಿಡಲಿ, ಸರಕಾರ ತಾನೇ ಹೊರತೆಗೆದು ಪರಿಶೀಲಿಸಬೇಕು. ಎರಡು, ಅಂಥವರ ದಾಖಲೆ ನಾಶ ಮಾಡುವುದು ನಿಲ್ಲಬೇಕು. ಮೂರು, ಬಿಡುಗಡೆಯ ದಿನವೇ ಮಂಡಳಿಯ ನಡವಳಿಯ ನಕಲು, ಮೇಲ್ಮನವಿಯ ದಾರಿಯನ್ನು ತಿಳಿಸುವ ಪತ್ರ, ಸೈನಿಕನ ತಾಯ್ನುಡಿಯಲ್ಲಿ ಮನೆಯವರ ಕೈಗೆ ಸಿಗಬೇಕು. ನಾಲ್ಕು, ದಕ್ಷಿಣದಲ್ಲಿ ಈ ನ್ಯಾಯಮಂಡಳಿಯ ಪೀಠಗಳಿರುವುದು ಚೆನ್ನೈ ಮತ್ತು ಕೊಚ್ಚಿಯಲ್ಲಿ. ಕೊಡಗನ್ನೂ ಬೆಳಗಾವಿಯನ್ನೂ ಒಳಗೊಂಡ ಕರ್ನಾಟಕಕ್ಕೆ ತನ್ನದೇ ಪೀಠ ಬೇಕು, ಅದು ಮಂಗಳೂರಿಗೂ ಆಗಾಗ ಬಂದು ಕೂರಬೇಕು. ಐದು, ಯೋಗ್ಯತಾ ಪತ್ರ ಕೇಳುವ ಉದ್ಯೋಗದಾತನಿಗೆ ರೋಗದ ವಿವರ ಕಾಣುವ ಅಗತ್ಯವಿಲ್ಲ. ಸೇವೆಯ ವರ್ಷ, ನಡತೆ ಇಷ್ಟೇ ಇರುವ ಬೇರೊಂದು ಪತ್ರ ಕೊಡಬೇಕು.

ಇದು ಹಳಬರ ಪ್ರಶ್ನೆ ಮಾತ್ರವೆಂದು ಯಾರೂ ತಿಳಿಯಬಾರದು. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಂತೆ ಸಿಪಾಯಿಗಳ ಭರ್ತಿ ನಾಲ್ಕು ವರ್ಷಕ್ಕೆ. ನಾಲ್ವರಲ್ಲಿ ಒಬ್ಬನನ್ನು ಉಳಿಸಿಕೊಂಡು ಮೂವರನ್ನು ಪಿಂಚಣಿಯಿಲ್ಲದೆ ಕಳಿಸುವ ಏರ್ಪಾಟಾಗಿ ಅದು ಹೊರಟಿತು. ಗಿರಣಿಯ ಬದಲಿ ಕೆಲಸಗಾರನಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಮನಸ್ಸಿನ ರೋಗ ನಾಲ್ಕು ವರ್ಷದ ಕರಾರು ನೋಡಿ ಬರುವುದಿಲ್ಲ. ಊರಿಗೆ ಬಂದ ಮೇಲೆ ಐದನೆಯ ವರ್ಷದಲ್ಲಿ ಒಬ್ಬ ಹುಡುಗನ ನಿದ್ದೆ ಕೆಟ್ಟರೆ ಅದು ಎಲ್ಲಿಂದ ಬಂತು ಎಂದು ಯಾರು ಬರೆಯುತ್ತಾರೆ, ಯಾವ ಪುಸ್ತಕದಲ್ಲಿ?

ಕೊನೆಯದಾಗಿ, ನಮ್ಮೊಳಗಿನ ಮಾತು. ಸರಕಾರ ತಿದ್ದಬೇಕಾದ ಕಾಗದ ಒಂದಾದರೆ, ನಾವು ತಿದ್ದಬೇಕಾದುದು ನಮ್ಮ ನಾಲಗೆ. ಆ ತಾಯಿಯ ಮಗ ಪೇಟೆಗೆ ಬಂದಾಗ ಹೋಟೆಲಿನ ಕಟ್ಟೆಯ ಮೇಲೆ ಕೂತವರು ಸೆಲ್ಯೂಟು ಹೊಡೆದು ನಗುತ್ತಾರಂತೆ. ಒಬ್ಬ ಅಂಗಡಿಯವರು ಮಾತ್ರ ಒಳಗೆ ಕರೆದು, ಚಾ ಕೊಟ್ಟು, ತಕ್ಕಡಿಯ ಹತ್ತಿರ ಕೂರಿಸಿ ಪೊಟ್ಟಣ ಕಟ್ಟಲು ಹೇಳುತ್ತಾರಂತೆ. ಆ ದಿನಗಳಲ್ಲಿ ಅವನು ರಾತ್ರಿ ನಿದ್ದೆ ಮಾಡುತ್ತಾನೆ ಎಂದು ತಾಯಿ ಹೇಳಿದರು. ಮಾನಸಿಕ ರೋಗವಿದೆ ಎಂದ ಮಾತ್ರಕ್ಕೆ ಒಬ್ಬನನ್ನು ಬುದ್ಧಿಯಿಲ್ಲದವನೆಂದು ತಿಳಿಯಕೂಡದು ಎಂದು 2017ರ ಕಾಯಿದೆ ಹೇಳುತ್ತದೆ. ಆ ಅಂಗಡಿಯವರು ಕಾಯಿದೆ ಓದಿದವರಲ್ಲ. ಆದರೂ ಅದನ್ನು ಪಾಲಿಸುತ್ತಿದ್ದಾರೆ. ಔಷಧಕ್ಕೆ ಜಿಲ್ಲಾ ಆಸ್ಪತ್ರೆಯ ದಾರಿ ಇದೆ. ಮನೆಯಿಂದ ಹೊರಡಲಾಗದವರಿಗೆ 14416 ಎಂಬ ಟೆಲಿ ಮಾನಸ್ ದೂರವಾಣಿ ಇದೆ. ಇದನ್ನು ನೆರೆಮನೆಗೆ ತಿಳಿಸುವುದು ನಾಚಿಕೆಯ ಕೆಲಸವಲ್ಲ.

ಆ ತಾಯಿಯ ಮನವಿಯನ್ನು ನಾವು ಬರೆದು ಕಳಿಸಿದ್ದೇವೆ. ಉತ್ತರ ಬಂದಾಗ, ಅದು ಒಳ್ಳೆಯದಿರಲಿ ಕೆಟ್ಟದಿರಲಿ, ಈ ಅಂಕಣದಲ್ಲೇ ತಿಳಿಸುತ್ತೇವೆ. ಸುಳ್ಯ, ಕಡಬ, ಪುತ್ತೂರು ಸೀಮೆಯಲ್ಲಿ ಇಂಥ ಪುಸ್ತಕವನ್ನು ಪೆಟ್ಟಿಗೆಯ ಅಡಿಯಲ್ಲಿ ಬಚ್ಚಿಟ್ಟುಕೊಂಡ ಮನೆಗಳು ಇನ್ನೆಷ್ಟಿವೆಯೋ. ಅದನ್ನು ಹೊರಗೆ ತನ್ನಿ. ಬರೆಯಲು ಬಾರದವರಿಗೆ ನಾವು ಬರೆದು ಕೊಡುತ್ತೇವೆ, ಕಾಸು ಬೇಡ. ಸೈನಿಕನ ಮನಸ್ಸು ಕೆಟ್ಟದ್ದು ಅವನ ತಪ್ಪಲ್ಲ. ಕೆಟ್ಟದ್ದನ್ನು ಅವನ ತಲೆಗೇ ಕಟ್ಟಿ ಕಳಿಸಿದ ಸಾಲು ತಪ್ಪು. ತಪ್ಪು ಬರೆದ ಕೈಯಿಂದಲೇ ಅದನ್ನು ತಿದ್ದಿಸೋಣ.